ಹಳೆಯ ಮೇಣ ಇಳಿಸದೆ ಹೊಳಪಿಲ್ಲ

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೇ ಬಕೆಟ್ಟುಗಳ ಸದ್ದು. ನಾನೂ ಮೂರು ವರ್ಷ ಎಲ್ಲರಂತೆಯೇ ಮಾಡಿದೆ. ಕಾರು ತೊಳೆದು, ಒರೆಸಿ, ಡಬ್ಬಿಯ ವ್ಯಾಕ್ಸ್ ಬಳಿದು, ಒಣಗಿದ ಮೇಲೆ ಉಜ್ಜಿ, ಬಾನೆಟ್ಟಿಗೆ ವಿಭೂತಿ ಕುಂಕುಮ ಇಟ್ಟು ಕೈಮುಗಿದೆ. ನಾಲ್ಕನೆಯ ವರ್ಷ ಹಬ್ಬದ ಮಾರನೆಯ ದಿನ ಒರೆಸಿದಾಗ ಕುಂಕುಮ ಹೋಯಿತು, ಅದರ ಗುಲಾಬಿ ಕಲೆ ಮಾತ್ರ ಉಳಿಯಿತು. ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಕಡುನೀಲಿ ಬಾನೆಟ್ಟಿನ ತುಂಬ ಹಬೆ ಹಿಡಿದ ಕನ್ನಡಿಯಂಥ ಮಬ್ಬು ಪಟ್ಟೆಗಳು.

ಪಕ್ಕದ ರಸ್ತೆಯ ಟಿಂಕರಿಂಗ್ ಶೆಡ್ಡಿನ ಯಜಮಾನರಿಗೆ ತೋರಿಸಿದೆ. ಅವರು ಮಾತಾಡಲಿಲ್ಲ. ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಕವರೊಂದನ್ನು ನನ್ನ ಕೈಗೆ ತೊಡಿಸಿ, ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಲು ಹೇಳಿದರು. ಬರಿಗೈಗೆ ನುಣುಪಾಗಿದ್ದ ಜಾಗ ಕವರಿನೊಳಗಿನ ಬೆರಳಿಗೆ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಕ್ಕಿತು. ‘ನೋಡಿದ್ರಾ ಸಾರ್, ಹಳೇದ್ರ ಮೇಲೇ ಹೊಸದು ಬಳಿದಿದ್ದೀರ. ಅದು ಪೇಂಟಿಗೆ ಹಿಡಿದಿಲ್ಲ, ಧೂಳಿಗೆ ಹಿಡಿದಿದೆ. ಮೊದಲು ಎಲ್ಲಾ ಇಳಿಸಿ.’

ತಲೆಗೆ ಎಣ್ಣೆ ಹಚ್ಚಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹೋದ ವಾರದ ಜಿಡ್ಡನ್ನು ಸೀಗೆಪುಡಿಯಲ್ಲಿ ತೆಗೆಯದೆ ಅದರ ಮೇಲೇ ಮತ್ತೆ ಎಣ್ಣೆ ಸುರಿದರೆ ಕೂದಲು ಹೊಳೆಯುವುದಿಲ್ಲ, ಅಂಟುತ್ತದೆ.

ಕಾರಿನ ವ್ಯಾಕ್ಸ್ ಎಂದರೆ ಮೇಣವೇ. ಹೆಸರಾದದ್ದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಗರಿಗಳ ಮೇಲೆ ಅದು ಪುಡಿಯಾಗಿ ಕೂತಿರುತ್ತದೆ. ಗರಿ ಕಡಿದು, ಒಣಗಿಸಿ, ಬಡಿದು ಉದುರಿಸುತ್ತಾರೆ. ಬರಗಾಲದ ಸೀಮೆಯಲ್ಲಿ ಎಲೆಯ ನೀರು ಆರದಂತೆ ಮರ ತಾನೇ ಹೊದ್ದುಕೊಂಡ ಹೊದಿಕೆ ಅದು. ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೂ ಬಿಸಿಲು, ಮಳೆ, ಶಾಂಪೂಗಳಿಗೆ ಸಿಕ್ಕಿ ಕಾರಿನ ಮೇಲೆ ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು ಬಾಳುತ್ತದೆ. ಸೀಲೆಂಟ್ ಎಂಬುದು ಕಾರ್ಖಾನೆಯ ಪಾಲಿಮರ್, ಇನ್ನೂ ಕೆಲವು ತಿಂಗಳು ತಡೆಯುತ್ತದೆ. ಎರಡೂ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಬಾನೆಟ್ಟಿನ ನಡುಭಾಗದಲ್ಲಿ ಮುಗಿದಿರುತ್ತದೆ, ಬಾಗಿಲಿನ ಹಿಡಿಕೆಯ ಕೆಳಗೆ ಗಟ್ಟಿಯಾಗಿ ಉಳಿದಿರುತ್ತದೆ. ನನ್ನ ಕಾರಿನ ಪಟ್ಟೆಗಳೂ ಹೀಗೆ ಹುಟ್ಟಿದವು.

ಹಾಗಾದರೆ ಜೋರಾಗಿ ಉಜ್ಜಿ ತೆಗೆದರಾಯಿತು ಎನ್ನುವವರಿಗೆ ಒಂದು ಅಳತೆ ಹೇಳಬೇಕು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ. ಕಾರಿನ ಹೊಳಪೆಲ್ಲ ಅದರದೇ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಗ್ಯಾರೇಜಿನಲ್ಲಿ ‘ರಬ್ಬಿಂಗ್ ಮಾಡಿ ಕೊಡ್ತೀವಿ’ ಎಂದಾಗಲೆಲ್ಲ ಆ ಪದರದಿಂದಲೇ ಒಂದಿಷ್ಟು ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಹಳೆಯ ಕಾಲದ ಎಷ್ಟೋ ಕಾರುಗಳಿಗೆ ಈ ಪದರವೇ ಇರಲಿಲ್ಲ. ನಮ್ಮ ಮಾವನ ಕೆಂಪು ಕಾರನ್ನು ಪಾಲಿಶ್ ಮಾಡಿದ ಬಟ್ಟೆ ಕುಂಕುಮದ ಬಟ್ಟಲಿಗೆ ಅದ್ದಿದಂತೆ ಕೆಂಪಾಗುತ್ತಿದ್ದುದು ನನಗೆ ನೆನಪಿದೆ. ಆ ಬಟ್ಟೆಗೆ ಬಂದದ್ದು ಕಾರಿನ ಬಣ್ಣವೇ.

ಆದ್ದರಿಂದ ಮೆತ್ತಗಿನದರಿಂದ ಶುರು ಮಾಡಬೇಕು, ಅದರಲ್ಲಿ ಆಗದಿದ್ದರೆ ಮಾತ್ರ ಮುಂದಿನದು. ಮೊದಲು ನೆರಳಿನಲ್ಲಿ ನಿಲ್ಲಿಸಿ, ಲೋಹ ತಣ್ಣಗಾದ ಮೇಲೆ ಕಾರಿನ ಶಾಂಪೂವಿನಲ್ಲಿ ತೊಳೆಯುವುದು. ಪಾತ್ರೆ ತೊಳೆಯುವ ದ್ರವ ಹಾಕಿದರೆ ವ್ಯಾಕ್ಸ್ ಪೂರ್ತಿ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಾನೂ ಮಾಡಿ ನೋಡಿದೆ. ತೊಳೆದ ಕೂಡಲೇ ನೀರು ಹನಿ ಕಟ್ಟುವುದು ನಿಂತಿತು, ಗೆದ್ದೆ ಅಂದುಕೊಂಡೆ. ಎರಡು ಸಲ ಬರೀ ನೀರು ಹಾಯಿಸಿದ ಮೇಲೆ ಹನಿಗಳು ಮತ್ತೆ ಮುತ್ತಿನಂತೆ ನಿಂತವು. ಸೋಪಿನ ತೆಳು ಪೊರೆ ವ್ಯಾಕ್ಸನ್ನು ಮುಚ್ಚಿತ್ತು, ಅಷ್ಟೇ. ರಸ್ತೆಯ ಕೊಳೆಯೂ ಹೀಗೆಯೇ ಮರೆಮಾಡುತ್ತದೆ. ಹನಿ ಕಟ್ಟಲಿಲ್ಲ ಎಂದ ಮಾತ್ರಕ್ಕೆ ವ್ಯಾಕ್ಸ್ ಹೋಗಿದೆ ಎನ್ನುವಂತಿಲ್ಲ. ಚೆನ್ನಾಗಿ ತೊಳೆದು, ಜಾಲಿಸಿ, ಆಮೇಲೆ ನೀರು ಹಾಯಿಸಿ ನೋಡಬೇಕು. ವ್ಯಾಕ್ಸ್ ಹೋದ ಕಡೆ ನೀರು ಉರುಳಿ ಓಡುವುದಿಲ್ಲ, ಅಗಲವಾಗಿ ಹರಡಿ ನಿಧಾನ ಜಾರುತ್ತದೆ.

ತರಿತರಿ ತೆಗೆಯಲು ಕ್ಲೇ ಬಾರ್ ಬೇಕು. ಚಪಾತಿ ಹಿಟ್ಟಿನ ಉಂಡೆಯಂಥ ಮೆತ್ತನೆಯ ವಸ್ತು. ಸೋಪು ನೀರನ್ನು ಧಾರಾಳ ಚಿಮುಕಿಸಿ, ಉಂಡೆಯನ್ನು ಚಪ್ಪಟೆ ಮಾಡಿ, ಒತ್ತದೆ ಹಿಂದೆ ಮುಂದೆ ಜಾರಿಸಬೇಕು. ಮೊದಲು ಸರಸರ ಸದ್ದು, ಬೆರಳಿಗೆ ಹಿಡಿದೆಳೆದ ಅನುಭವ. ಹತ್ತಾರು ಸಲ ಆಡಿಸಿದ ಮೇಲೆ ಸದ್ದು ನಿಲ್ಲುತ್ತದೆ. ಉಂಡೆ ತಿರುಗಿಸಿದರೆ ಕಂದು ಗೀರುಗಳು: ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕೆ, ಮರದ ಅಂಟು. ಹಳೆಯ ವ್ಯಾಕ್ಸಿನ ಬಹುಪಾಲೂ ಇದರ ಜೊತೆಗೇ ಬರುತ್ತದೆ. ಗೀರು ಕಂಡ ಕೂಡಲೇ ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ನೆಲಕ್ಕೆ ಬಿದ್ದ ಕ್ಲೇ ಮತ್ತೆ ಬಳಸಲೇಬಾರದು. ಅದಕ್ಕಂಟಿದ ಒಂದು ಮರಳಿನ ಕಣ ಬಾನೆಟ್ಟಿನುದ್ದಕ್ಕೂ ಗೆರೆ ಎಳೆಯುತ್ತದೆ.

ಉಳಿದ ಜಿಡ್ಡಿಗೆ ಇಂಜೆಕ್ಷನ್‌ಗೆ ಮುನ್ನ ನರ್ಸ್ ಒರೆಸುವ ಸ್ಪಿರಿಟ್ ಸಾಕು. ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮೂರು ಪಾಲು. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದೊಂದೇ ಭಾಗ ಒರೆಸಿ, ಆರುವ ಮೊದಲೇ ಇನ್ನೊಂದು ಬಟ್ಟೆಯಲ್ಲಿ ಎತ್ತಬೇಕು. ಅದು ಉರಿಯುವ ವಸ್ತು, ದೀಪ ಕರ್ಪೂರ ಹಚ್ಚುವ ಕಡೆ ಇಡಬೇಡಿ. ಗಟ್ಟಿಯಾಗಿ ಕೂತ ಸೀಲೆಂಟು ಇದಕ್ಕೂ ಬಗ್ಗದಿದ್ದರೆ ಸಣ್ಣ ತರಿಯ ಪಾಲಿಶ್ ಅನಿವಾರ್ಯ. ಸಿರಾಮಿಕ್ ಕೋಟಿಂಗ್ ಆಗಿದ್ದರೆ ಸೋಪು, ಸ್ಪಿರಿಟ್ಟು ಯಾವುದೂ ಕೆಲಸಕ್ಕೆ ಬಾರದು, ಪಾಲಿಶ್ ಬಲ್ಲವರ ಕೈಗೇ ಕೊಡಬೇಕು.

ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಮಾತ್ರ ಬೇಡವೇ ಬೇಡ. ಸೀಮೆಎಣ್ಣೆ ಒರೆಸಿದ ಕಾರು ಅವತ್ತು ಹೊಳೆಯುತ್ತದೆ, ನಾಳೆ ಆ ಜಿಡ್ಡಿಗೆ ಬೀದಿಯ ಧೂಳೆಲ್ಲ ಅಂಟುತ್ತದೆ. ಥಿನ್ನರ್ ಬಿದ್ದರೆ ಮರುಬಳಿದ ಬಣ್ಣ ಮೆತ್ತಗಾಗಿ ಎದ್ದು ಬರಬಹುದು.

ನೀರಿನ ಮಾತನ್ನೂ ಆಡಲೇಬೇಕು. 2024ರ ಮಾರ್ಚಿನಲ್ಲಿ, ನಲ್ಲಿಗಳು ಒಣಗಿದ್ದ ಹೊತ್ತಿನಲ್ಲಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಹೇಳಿತು. ಸರಿಯಾದ ಮಾತೇ. ಬೋರ್‌ವೆಲ್ ನೀರಾದರೆ ಗಡಸು, ಆರಿದ ಕಡೆಯೆಲ್ಲ ಸುಣ್ಣದ ಬಿಳಿ ಉಂಗುರ ಬಿಡುತ್ತದೆ. ನಾನೀಗ ಚಾವಣಿಯಿಂದ ಡ್ರಮ್ಮಿಗೆ ಇಳಿಸಿದ ಮಳೆನೀರನ್ನು ಬಳಸುತ್ತೇನೆ. ಎರಡು ಬಕೆಟ್ ಸಾಕು, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ಕಲೆ ಉಳಿಯುವುದಿಲ್ಲ.

ನನ್ನ ಕಾರಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಕನ್ನಡಿಯ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಬೆಳ್ಳಗೆ ಗಟ್ಟಿಕಟ್ಟಿದ್ದ ಮೂರು ವರ್ಷದ ವ್ಯಾಕ್ಸ್ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಬಂತು. ಕುಂಕುಮದ ಗುಲಾಬಿ ಕಲೆ ಕ್ಲೇ ಹಿಡಿದಲ್ಲೇ ಹೋಯಿತು, ಅದು ಬಣ್ಣಕ್ಕೆ ಇಳಿದಿರಲೇ ಇಲ್ಲ. ಸಂಜೆ ಮತ್ತೆ ಕೈಗೆ ಕವರ್ ತೊಟ್ಟು ಬಾನೆಟ್ ಮುಟ್ಟಿದೆ. ಗಾಜಿನ ಮೇಲೆ ಆಡಿದಂತೆ ಆಡಿತು. ಆಮೇಲೆಯೇ ಹೊಸ ಮೇಣದ ಡಬ್ಬಿ ತೆರೆದೆ. ಹಿಂದಿನ ಬಂಪರಿಗೆ ಆ ವಾರವಷ್ಟೇ ಹೊಸ ಬಣ್ಣ ಹೊಡೆಸಿದ್ದೆ. ಬಣ್ಣ ಇನ್ನೂ ಉಸಿರಾಡುತ್ತಿದೆ, ತಿಂಗಳು ಕಳೆಯುವವರೆಗೆ ಏನೂ ಬಳಿಯಬೇಡಿ ಎಂದಿದ್ದರು ಯಜಮಾನರು. ಅದೊಂದನ್ನು ಹಾಗೇ ಬಿಟ್ಟು, ಹಬ್ಬದ ದಿನ ಚೆಂಡುಹೂವಿನ ಹಾರವನ್ನಷ್ಟೇ ಕಟ್ಟಿದೆ.