ಬೆಳಗಿನ ಬೆನ್ನು ಬಿಗಿತವೇ? ಕಡೆಗಣಿಸಬೇಡಿ

ಬೆಳಗ್ಗೆ ಎದ್ದ ಕೂಡಲೇ ಬೆನ್ನು ಹಲಗೆಯಂತೆ ಬಿಗಿಯೋದು, ಕಸ ಗುಡಿಸಿ ನೀರು ತುಂಬುವಷ್ಟರಲ್ಲಿ ಸಡಿಲವಾಗೋದು. ನಿಮಗೂ ಹೀಗಾಗುತ್ತದೆಯೇ? ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿರುವ ನನ್ನ ನಾದಿನಿ ಇದನ್ನು 'ಬಾಣಂತನದ ನೋವು' ಎಂದು ವರ್ಷಗಟ್ಟಲೆ ಸಹಿಸಿಕೊಂಡಳು. ಕೊನೆಗೆ ದಾವಣಗೆರೆಯಲ್ಲಿ ತೋರಿಸಿದಾಗ ತಿಳಿಯಿತು, ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.

ದುಡಿದು ಬಂದ ನೋವು ವಿಶ್ರಾಂತಿಗೆ ಇಳಿಯುತ್ತದೆ. ಇದು ಹಾಗಲ್ಲ; ಮಲಗಿದಷ್ಟೂ ಹೆಚ್ಚು, ಓಡಾಡಿದರೆ ಕಡಿಮೆ. ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತದೆ. ಗಂಡಸರ ಕಾಯಿಲೆ ಎಂಬ ತಪ್ಪು ತಿಳಿವಳಿಕೆಯಿಂದ ಹೆಂಗಸರಲ್ಲಿ ಪತ್ತೆಯಾಗುವುದು ತಡ. ಇಂಥ ನೋವು 3 ತಿಂಗಳು ಮೀರಿದರೆ ಕೀಲುವಾತ ತಜ್ಞರನ್ನು ಕಾಣಿ. ಪೂರ್ತಿ ವಾಸಿಯಾಗದಿದ್ದರೂ ಹತೋಟಿಯಲ್ಲಿ ಇಡಬಹುದು.

ನೆನಪಿಡಿ:

* ನೋವು ಇಳಿಯಿತೆಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಾದಿನಿ ಮಾಡಿದ್ದು ಅದನ್ನೇ. ಎರಡೇ ತಿಂಗಳಲ್ಲಿ ಮತ್ತೆ ಹಾಸಿಗೆ ಹಿಡಿದಳು.
* ಬೆನ್ನು, ಕುತ್ತಿಗೆಯ ವ್ಯಾಯಾಮ, ದೀರ್ಘ ಉಸಿರಾಟವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ದಿನವೂ ಮಾಡಿ. ಬಿಸಿನೀರಿನ ಸ್ನಾನದ ನಂತರವಾದರೆ ಸುಲಭ.
* ಗಟ್ಟಿ ಹಾಸಿಗೆ, ತೆಳು ದಿಂಬು ಇರಲಿ. ಧಾರಾವಾಹಿ ನೋಡುವಾಗಲೂ ಆಗಾಗ ಎದ್ದು ಓಡಾಡಿ.
* ಬೆನ್ನು ತುಳಿಸುವುದು, ನೆಟಿಗೆ ತೆಗೆಸುವುದು ಬೇಡವೇ ಬೇಡ. ಬೆಸೆದುಕೊಂಡ ಬೆನ್ನುಮೂಳೆ ಮುರಿಯಬಹುದು.
* ಮನೆಯಲ್ಲಿ ಈ ಕಾಯಿಲೆ ಇರುವವರು ಬೀಡಿ, ಸಿಗರೇಟು ಸೇದುತ್ತಿದ್ದರೆ ಬಿಡಿಸಿ.
* ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಚುಚ್ಚಿದರೆ ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ.
* ಮಗು ಬೇಕೆಂಬ ಯೋಚನೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಔಷಧಿ ಬದಲಿಸಬೇಕಾಗಬಹುದು.

ನಾದಿನಿ ಈಗ ಅರ್ಧ ಗಂಟೆ ಮೊದಲೇ ಏಳುತ್ತಾಳೆ. "ಮೊದಲು ಮೈ ಸಡಿಲ ಮಾಡ್ಕೋತೀನಿ ಅತ್ತಿಗೆ, ರೊಟ್ಟಿ ಆಮೇಲೆ" ಅಂತಾಳೆ. ನೀವೂ ಹಾಗೆ ಹೇಳಲು ಹಿಂಜರಿಯಬೇಡಿ.