ಮಂದ ಬೆಳಕಿನ ಚಿಕಿತ್ಸೆ

ಬೆಳಕು ನೋಟಕ್ಕೆ ನೆರವಾಗುವುದನ್ನು ಎಲ್ಲರೂ ಬಲ್ಲರು. ಅದು ಚಿಕಿತ್ಸೆಗೂ ಒದಗುವುದೆಂಬುದು ಹೊಸ ಮಾತೇನೂ ಅಲ್ಲ. ಡೆನ್ಮಾರ್ಕ್ ದೇಶದ ವೈದ್ಯನಾದ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಸಾಂದ್ರವಾದ ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಅವನು ಬಳಸಿದ ಬೆಳಕು ಪ್ರಖರವಾದುದು. ನಾವು ಈಗ ವಿಚಾರಮಾಡುವುದು ಮಂದವಾದ ಬೆಳಕನ್ನು. ಅದು ಸುಡುವುದಿಲ್ಲ, ಕೊಯ್ಯುವುದೂ ಇಲ್ಲ.

ಇದರ ಗುಣವು ತಿಳಿದುಬಂದುದು ಆಕಸ್ಮಿಕವಾಗಿ. 1967ರ ಸುಮಾರಿಗೆ ಬುಡಾಪೆಸ್ಟ್ ನಗರದ ವೈದ್ಯ ಎಂಡ್ರೆ ಮೆಸ್ಟರ್, ಲೇಸರ್ ಕಿರಣದಿಂದ ಕ್ಯಾನ್ಸರ್ ಉಂಟಾಗುವುದೋ ಎಂದು ಪರೀಕ್ಷಿಸಲು, ಇಲಿಗಳ ಬೆನ್ನಿನ ಕೂದಲನ್ನು ಬೋಳಿಸಿ ದುರ್ಬಲವಾದ ಕೆಂಪು ಕಿರಣವನ್ನು ಹಾಯಿಸಿದನು. ಕ್ಯಾನ್ಸರ್ ಬರಲಿಲ್ಲ, ಕಿರಣ ತಾಗಿದ ಇಲಿಗಳಿಗೆ ಕೂದಲು ಉಳಿದವುಗಳಿಗಿಂತ ಬೇಗನೆ ಬೆಳೆಯಿತು.

ಕೆಂಪು ಬೆಳಕೇ ಏಕೆ? ಕತ್ತಲಲ್ಲಿ ಟಾರ್ಚಿನ ಮುಖಕ್ಕೆ ಬೆರಳುಗಳನ್ನು ಒತ್ತಿಹಿಡಿದು ನೋಡಿರಿ. ಅವು ಕೆಂಪಗೆ ಹೊಳೆಯುವುವು. ನೀಲಿ, ಹಸುರು ಕಿರಣಗಳನ್ನು ರಕ್ತವು ಬಹುಮಟ್ಟಿಗೆ ಹೀರಿಬಿಡುವುದು. ಕೆಂಪು ಕಿರಣಗಳೂ ಅವುಗಳಾಚೆಗಿನ, ಕಣ್ಣಿಗೆ ಕಾಣದ ಕೆಲವು ಕಿರಣಗಳೂ ಇನ್ನಷ್ಟು ಒಳಕ್ಕೆ ಹೋಗಬಲ್ಲುವು. ಅಲ್ಲಿ ಬಹುತೇಕ ಜೀವಕೋಶಗಳಿಗೆ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ. ಅವುಗಳಲ್ಲಿನ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವು ಈ ಬೆಳಕನ್ನು ಹೀರಿಕೊಳ್ಳುವುದೆಂದೂ, ಅದಕ್ಕೆ ಅಂಟಿಕೊಂಡು ತಡೆಯೊಡ್ಡಿದ್ದ ನೈಟ್ರಿಕ್ ಆಕ್ಸೈಡ್ ಕಳಚಿಹೋಗಿ, ನೊಂದ ಕೋಶವು ಚೇತರಿಸಿಕೊಳ್ಳುವುದೆಂದೂ ಅನೇಕ ವಿಜ್ಞಾನಿಗಳ ಊಹೆ.

ಆದರೆ ಇಲ್ಲಿ ಮಿತಿಯೇ ಮುಖ್ಯ. ಎಳೆಯ ಸಸಿಗೆ ನೀರೆರೆದಂತೆ, ಬೆಳಕು ಕಡಮೆಯಾದರೆ ಫಲವಿಲ್ಲ. ಅತಿಯಾದರೆ ದೊರೆಯುವ ಫಲವೂ ಕುಂದುವುದು.

ಈ ಚಿಕಿತ್ಸೆಯ ದೃಢವಾದ ಉಪಯೋಗವನ್ನು ಕ್ಯಾನ್ಸರ್ ರೋಗಿಗಳಲ್ಲಿ ಕಾಣಬಹುದು. ಕ್ಯಾನ್ಸರಿನ ಔಷಧಗಳಿಂದಲೂ ವಿಕಿರಣದಿಂದಲೂ ಕೆಲವರ ಬಾಯಿ ಹುಣ್ಣಾಗಿ, ತುತ್ತು ನುಂಗುವುದೇ ಕಷ್ಟವಾಗುವುದು. ಕೆಲವು ವೇಳೆ ಮೂಲಚಿಕಿತ್ಸೆಯನ್ನೇ ನಡುವೆ ತಡೆಯಬೇಕಾಗುವುದು. ಮಂದ ಲೇಸರನ್ನು ಬಾಯೊಳಗೆ ಹಾಯಿಸಿದರೆ ಈ ಹುಣ್ಣು ಬಾರದಂತೆ ತಡೆಯಬಹುದು, ಬಂದುದನ್ನು ತಗ್ಗಿಸಬಹುದು. ಇಂಗ್ಲೆಂಡಿನ ನೈಸ್ ಎಂಬ ಆರೋಗ್ಯಸಂಸ್ಥೆಯು 2018ರಲ್ಲಿ ಇದರ ಬಳಕೆಗೆ ಸಮ್ಮತಿಯಿತ್ತಿತು. ಕೂದಲುದುರುವಿಕೆ, ಕತ್ತುನೋವು ಮುಂತಾದುವುಗಳಲ್ಲಿಯೂ ಕೆಲವರಿಗೆ ಗುಣ ಕಂಡಿದೆ. ಅಲ್ಲಿ ಸಾಕ್ಷ್ಯವು ಇಷ್ಟು ಬಲವಾಗಿಲ್ಲ.

ಒಂದೇ ದೀಪವು ಸಕಲ ರೋಗಗಳನ್ನೂ ಪರಿಹರಿಸುವುದೆಂಬ ಜಾಹೀರಾತುಗಳಿಗೆ ಕೊರತೆಯಿಲ್ಲ. ಅಂತಹ ದೀಪವನ್ನು ಕೊಳ್ಳುವ ಮೊದಲು, ಅದು ಬೀರುವ ಕಿರಣ ಯಾವುದು, ಪ್ರಮಾಣವೆಷ್ಟು, ಯಾವ ರೋಗದಲ್ಲಿ ಪರೀಕ್ಷಿತವಾಗಿದೆ ಎಂದು ವಿಚಾರಿಸಿರಿ. ವೈದ್ಯರ ಸಲಹೆಯನ್ನು ಕೇಳಿರಿ. ಕ್ಯಾನ್ಸರ್ ರೋಗಿಯಂತೂ ಬೆಳಕನ್ನು ನಂಬಿ ಮೂಲಚಿಕಿತ್ಸೆಯನ್ನು ಬಿಡಬಾರದು. ಬೆಳಕು ಆ ಚಿಕಿತ್ಸೆಗೆ ಸಹಾಯಕವೇ ಹೊರತು ಅದಕ್ಕೆ ಬದಲಲ್ಲ.