ಕರಗಿದ ಮೇದಸ್ಸು ಮರಳದಿರಲು

ಐವತ್ತು ದಾಟಿದ ಗೃಹಸ್ಥರಲ್ಲಿ ಮೈಯನ್ನು ಇಳಿಸಿದವರು ವಿರಳರಲ್ಲ. ಇಳಿಸಿದುದನ್ನು ಎರಡು ವರ್ಷ ಹಾಗೆಯೇ ಉಳಿಸಿಕೊಂಡವರು ವಿರಳರು. ಮಗಳ ಮದುವೆಗೆ ಮುಂಚೆ ಮೂರು ತಿಂಗಳು ಅನ್ನ ಬಿಟ್ಟು ಎಂಟು ಕಿಲೋ ಕರಗಿಸಿದ ಮಹನೀಯರು, ಮೊಮ್ಮಗುವಿನ ನಾಮಕರಣದ ಹೊತ್ತಿಗೆ ಹತ್ತು ಕಿಲೋ ಕೂಡಿಸಿಕೊಂಡಿರುತ್ತಾರೆ. ನೆಂಟರಿಷ್ಟರು ಇದನ್ನು ಜಿಹ್ವಾಚಾಪಲ್ಯವೆಂದು ಕರೆಯುವರು. ಈ ನಿಂದೆಯು ಬಹುಮಟ್ಟಿಗೆ ಅನ್ಯಾಯವಾದುದೆಂದು ನನ್ನ ಅಭಿಪ್ರಾಯ.

ನಮ್ಮ ಪೂರ್ವಿಕರು ಈ ತೊಡಕನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯವು ನಿಂದ್ಯವಾದ ಎಂಟು ಬಗೆಯ ಶರೀರಗಳನ್ನು ಎಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನೇ ವಿಸ್ತಾರವಾಗಿ ವಿಚಾರಿಸುತ್ತದೆ. ಮೇದಸ್ಸಿನಿಂದ ದಾರಿ ಕಟ್ಟಿದ ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಕೆರಳಿಸುವುದರಿಂದ ಸ್ಥೂಲನಿಗೆ ಹಸಿವೆ ಹೆಚ್ಚೆಂಬುದು ಅಲ್ಲಿಯ ವಿವರಣೆ. ಆ ವಿವರಣೆಯು ಇಂದಿನ ಶಾಸ್ತ್ರದ ಮುಂದೆ ನಿಲ್ಲಲಾರದು. ಆದರೂ ಹಸಿವೆಯನ್ನು ಶೀಲದೋಷವೆನ್ನದೆ ಶರೀರಧರ್ಮವೆಂದು ತಿಳಿದುದು ಸಣ್ಣ ಮಾತಲ್ಲ.

ಇಂದಿನ ಶಾಸ್ತ್ರ ಹೇಳುವುದೇನು? ಮೇದಸ್ಸು ಕೇವಲ ಸಂಗ್ರಹವಲ್ಲ. ಅದು ಮಿದುಳಿಗೆ ಸಮಾಚಾರವನ್ನು ಕಳುಹಿಸುತ್ತಿರುತ್ತದೆ. ೧೯೯೪ರಲ್ಲಿ ಬೆಳಕಿಗೆ ಬಂದ ಲೆಪ್ಟಿನ್ ಎಂಬ ರಸವೇ ಆ ದೂತ. ಮೇದಸ್ಸು ಕರಗಿದೊಡನೆ ಲೆಪ್ಟಿನ್ ಕುಗ್ಗುತ್ತದೆ. ಕ್ಷಾಮ ಬಂದಿತೆಂದು ತಿಳಿದ ಮಿದುಳು ಹಸಿವೆಯನ್ನು ಹೆಚ್ಚಿಸಿ, ವ್ಯಯವನ್ನು ಕಡಿಮೆ ಮಾಡುತ್ತದೆ. ೨೦೧೧ರಲ್ಲಿ ಆಸ್ಟ್ರೇಲಿಯದ ವೈದ್ಯರು ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಹತ್ತು ವಾರ ಅತ್ಯಲ್ಪಾಹಾರದಿಂದ ಮೈ ಇಳಿಸಿದವರ ಹಸಿವೆಯ ರಸಗಳು ವರ್ಷ ಕಳೆದರೂ ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಈಗ ಪ್ರಸಿದ್ಧವಾಗಿರುವ ಚುಚ್ಚುಮದ್ದುಗಳ ಕಥೆಯೂ ಇದೇ. ಸೆಮಾಗ್ಲುಟೈಡನ್ನು ನಿಲ್ಲಿಸಿದವರು ಇಳಿಸಿದ ತೂಕದಲ್ಲಿ ಸರಾಸರಿ ಮೂರರಲ್ಲಿ ಎರಡು ಪಾಲನ್ನು ಒಂದೇ ವರ್ಷದಲ್ಲಿ ಮತ್ತೆ ಪಡೆದರೆಂದು ೨೦೨೨ರ ವರದಿ ಹೇಳುತ್ತದೆ.

ಇದಕ್ಕಿಂತ ಚಿಂತಿಸಬೇಕಾದ ಸಂಗತಿ ಇನ್ನೊಂದುಂಟು. ಉಪವಾಸದಿಂದ ಇಳಿಯುವುದು ಮೇದಸ್ಸೊಂದೇ ಅಲ್ಲ, ಮಾಂಸಖಂಡವೂ ಇಳಿಯುತ್ತದೆ. ಮರಳಿ ಬರುವಾಗ ಆ ಅನುಪಾತದಲ್ಲಿ ಬರುವುದಿಲ್ಲ. ೧೯೪೪–೪೫ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ೩೬ ಮಂದಿ ತರುಣರು ಸ್ವಇಚ್ಛೆಯಿಂದ ೨೪ ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಮತ್ತೆ ಉಣ್ಣತೊಡಗಿದಾಗ ಮಾಂಸಕ್ಕಿಂತ ಮುಂಚೆ ಮೇದಸ್ಸು ತುಂಬಿತು. ತರುಣರ ಗತಿಯೇ ಹೀಗಾದರೆ, ವಯೋಧರ್ಮದಿಂದ ಮಾಂಸವು ತಾನಾಗಿ ಕ್ಷಯಿಸುತ್ತಿರುವ ನಮ್ಮ ವಯಸ್ಸಿನವರು ವರ್ಷಕ್ಕೊಮ್ಮೆ ಇಳಿದು ಏರಿದರೆ, ತಕ್ಕಡಿ ಅದೇ ಅಂಕೆಯನ್ನು ತೋರಿಸುತ್ತಿದ್ದರೂ ದೇಹ ಅದೇ ದೇಹವಾಗಿರಲಾರದು.

ಭಾರತೀಯರಿಗಂತೂ ತಕ್ಕಡಿಯ ಮಾತು ಪೂರ್ಣ ಪ್ರಮಾಣವಲ್ಲ. ೨೦೦೪ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ನರೂ ತಮ್ಮಿಬ್ಬರ ಭಾವಚಿತ್ರವನ್ನೇ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮಾನರು. ಆದರೆ ಯುಡ್ಕಿನ್ನರಲ್ಲಿ ಮೇದಸ್ಸು ನೂರಕ್ಕೆ ೯.೧, ಯಾಜ್ಞಿಕರಲ್ಲಿ ೨೧.೨. ಆದುದರಿಂದ ಮನೆಯಲ್ಲಿ ದರ್ಜಿಯ ಟೇಪೊಂದಿರಲಿ. ಸೊಂಟದ ಸುತ್ತಳತೆ ಪುರುಷರಲ್ಲಿ ೯೦, ಸ್ತ್ರೀಯರಲ್ಲಿ ೮೦ ಸೆಂಟಿಮೀಟರಿಗೆ ಒಳಪಟ್ಟಿರಬೇಕೆಂಬುದು ನಮ್ಮ ದೇಶದವರಿಗೆ ವೈದ್ಯರು ಗೊತ್ತುಮಾಡಿರುವ ಎಲ್ಲೆ.

ಇನ್ನು ಆಹಾರ. ಪಚನಕ್ಕೆ ಗುರುವಾಗಿಯೂ ಪೋಷಣೆಯಲ್ಲಿ ಅಲ್ಪವಾಗಿಯೂ ಇರುವುದನ್ನು ಸ್ಥೂಲನಿಗೆ ಕೊಡಬೇಕೆಂದು ಚರಕನು ಹೇಳಿ, ಜವೆಗೋಧಿ, ಹೆಸರು, ಹುರುಳಿ ಇವುಗಳನ್ನು ಹೆಸರಿಸಿದ್ದಾನೆ. ಹೊಟ್ಟೆ ತುಂಬಬೇಕು, ಮೇದಸ್ಸು ತುಂಬಬಾರದು ಎಂಬ ಈ ಯುಕ್ತಿ ಇಂದಿಗೂ ಗ್ರಾಹ್ಯವೇ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು ೨೨ ಗ್ರಾಂ ಪ್ರೋಟೀನು. ಅಕ್ಕಿಯಲ್ಲಿ ಅದರ ಮೂರನೆಯ ಒಂದು ಪಾಲು. ಆದರೆ ನಮ್ಮಲ್ಲಿ ಕಟ್ಟನ್ನು ಸಾರಿಗೆ ಬಸಿದುಕೊಂಡು ಕಾಳನ್ನು ಎತ್ತುಗಳಿಗೆ ಇಡುವ ಪದ್ಧತಿಯಿತ್ತು! ಬಹುಶಃ ಎತ್ತುಗಳೇ ಜಾಣರು. ಕಾಳನ್ನೇ ಉಣ್ಣಿರಿ, ತಟ್ಟೆಯಲ್ಲಿ ಅನ್ನ ಹಿಡಿಯುತ್ತಿದ್ದ ಸ್ಥಳದ ಅರ್ಧವನ್ನು ಕಾಳಿನ ಉಸಲಿ, ಪಲ್ಯಗಳಿಗೆ ಬಿಟ್ಟುಕೊಡಿರಿ. ಅರವತ್ತು ಕಿಲೋ ತೂಗುವ ವಯಸ್ಕರಿಗೆ ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನಾದರೂ ಬೇಕು. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಏಕಾದಶಿಯ ದಿನ ಅವಲಕ್ಕಿ, ಸಬ್ಬಕ್ಕಿ ವಡೆ, ಸಜ್ಜಿಗೆಗಳಿಂದ ಕೂಡಿದ ಫಲಾಹಾರವನ್ನು ಉಪವಾಸವೆನ್ನುವವರ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲ.

ನಡಿಗೆಯ ಗುಣವನ್ನು ಎಲ್ಲರೂ ಬಲ್ಲರು. ಹದಿಮೂರು ಕಿಲೋಗಿಂತ ಹೆಚ್ಚು ಇಳಿಸಿ ವರ್ಷವಾದರೂ ಉಳಿಸಿಕೊಂಡವರ ಪಟ್ಟಿಯೊಂದನ್ನು ಅಮೆರಿಕದಲ್ಲಿ ೧೯೯೪ರಲ್ಲಿ ಆರಂಭಿಸಿದರು; ಅವರಲ್ಲಿ ಬಹುಮಂದಿ ದಿನಕ್ಕೆ ಸುಮಾರು ಒಂದು ಗಂಟೆ ದೇಹಶ್ರಮ ಮಾಡುವವರು. ಆದರೆ ನಡಿಗೆಯೊಂದೇ ಮಾಂಸಖಂಡವನ್ನು ಕಾಯಲಾರದು. ಗರಡಿಯ ಬಸ್ಕಿಯೇ ಅದಕ್ಕೆ ತಕ್ಕ ಮದ್ದು. ಮೊಣಕಾಲು ಒಪ್ಪದವರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತರೂ ಆರಂಭಕ್ಕೆ ಸಾಕು. ವಾರಕ್ಕೆ ಎರಡು ಮೂರು ದಿನ ಮಾಡಿ, ಚರಕನೆಂದಂತೆ ಕ್ರಮಕ್ರಮವಾಗಿ ಹೆಚ್ಚಿಸಬೇಕು. ಗೃಹಿಣಿಯರಿಗೆ ಮನೆಗೆಲಸವೇ ವ್ಯಾಯಾಮವೆಂದು ಗಂಡಸರು ತೀರ್ಮಾನಿಸಿಬಿಡುವುದುಂಟು. ಋತುಸ್ರಾವ ನಿಂತ ಬಳಿಕ ಸ್ತ್ರೀಯರ ಮೇದಸ್ಸು ಹೊಟ್ಟೆಯ ಕಡೆಗೆ ಸರಿಯುವುದರಿಂದ, ಈ ಅಭ್ಯಾಸ ಅವರಿಗೂ ಅಷ್ಟೇ ಅವಶ್ಯ.

ಒಂದು ವಿಷಯದಲ್ಲಿ ಚರಕನನ್ನು ಅನುಸರಿಸಲಾಗದು. ಸ್ಥೂಲನು ಜಾಗರಣೆಯನ್ನು ಹೆಚ್ಚಿಸಬೇಕೆಂದು ಅವನು ವಿಧಿಸಿದ್ದಾನೆ. ನಿದ್ರೆ ಕೆಟ್ಟರೆ ಹಸಿವೆ ಹೆಚ್ಚುವುದೆಂಬುದು ಈಗ ಪರೀಕ್ಷೆಗಳಿಂದ ತಿಳಿದುಬಂದಿದೆ. ಏಳು ಗಂಟೆ ಮಲಗಿರಿ.

ವಾರಕ್ಕೊಂದು ದಿನ ಬೆಳಗ್ಗೆ ತೂಗಿಕೊಂಡು, ತೂಕವನ್ನೂ ಸುತ್ತಳತೆಯನ್ನೂ ಪಂಚಾಂಗದ ಅಂಚಿನಲ್ಲಿ ಗುರುತಿಸಿರಿ. ಎರಡು ಕಿಲೋ ಏರಿದೊಡನೆ ಊಟವನ್ನು ತಿದ್ದಿಕೊಳ್ಳುವುದು ಸುಲಭ. ಎಂಟು ಏರಿದ ಮೇಲೆ ಕಷ್ಟ. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಔಷಧ ಸೇವಿಸುವವರು, ಮೈ ಇಳಿದಂತೆ ಔಷಧದ ಪ್ರಮಾಣವನ್ನು ವೈದ್ಯರಿಂದ ಪರಿಶೀಲಿಸಿಕೊಳ್ಳತಕ್ಕದ್ದು. ಪ್ರಯತ್ನವಿಲ್ಲದೆಯೇ ತೂಕ ಇಳಿಯತೊಡಗಿದರೆ ಸಂತೋಷಪಡದೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.